ಅಂಗೈಯಗಲದ ಗಿಡ

ಶೈಲಾ ಟೀಚರು ಮೈಸೂರಿಗೆ ಹೊರಟ ದಿನ ಅಂಜಿನಕ್ಕನ ಕೈಗೆ ಎರಡು ವಸ್ತು ಬಂದವು. ಒಂದು ಮನೆಯ ಕೀಲಿಕೈ, ಇನ್ನೊಂದು ಅಂಗೈಯಗಲದ ಗಿಡ. ಗಿಡ ನೋಡಿ ಆಕೆಗೇನೂ ಅನ್ನಿಸಲಿಲ್ಲ. ಕೀಲಿಕೈ ತಾಕಿದ್ದೇ ತಡ ಎದೆ ಧಸಕ್ಕೆಂದಿತು. ಇದನ್ನು ಮನೆಯೊಡತಿ ಕೊಟ್ರಮ್ಮಾರ ಹತ್ತಿರ ಇಡ್ರಿ ಅಂತ ಎರಡು ಸಲ ಹೇಳಿ ನೋಡಿದಳು. ಗುಡಿಸೋಳು ನೀನು, ಕೀಲಿಕೈ ಇನ್ನೊಬ್ಬರ ಹತ್ತಿರ ಯಾಕಿರಬೇಕು ಅಂದು ಟೀಚರು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಒಂದು ಕೀಲಿಕೈಗೆ ಇಷ್ಟು ಹೆದರಿಕೆ ಯಾಕಪ್ಪಾ ಅಂದರೆ, ಅದು ಹಳೆಯ ಕಥೆ. ಅಂಜಿನಕ್ಕ ಹಂಪಸಾಗರದ ಹೆಣ್ಣು. ಲಗ್ನವಾದ ಹೊಸತರಲ್ಲಿ ಗಂಡ ಗಂಗಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಹಮಾಲಿ ಮಾಡುತ್ತಿದ್ದ, ಈಕೆ ಅಲ್ಲೇ ಒಬ್ಬ ಸಾವ್ಕಾರರ ಮನೆಗೆ ಕಸ ಮುಸುರೆಗೆ ಹೋಗುತ್ತಿದ್ದಳು. ಒಂದು ದಿನ ಆ ಮನೆಯ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾಯಿತು. ಮನೆಯಲ್ಲಿ ಹದಿನಾಲ್ಕು ಜನ ಇದ್ದರು, ಬೊಟ್ಟು ತೋರಿಸಿದ್ದು ಈ ಒಬ್ಬಳ ಕಡೆಗೆ. ನಡುಮನೆಯಲ್ಲಿ ನಿಲ್ಲಿಸಿ ಸೀರೆ ಜಾಡಿಸು ಅಂದರು, ಜಾಡಿಸಿದಳು. ಸೆರಗಿನ ಗಂಟು ಬಿಚ್ಚು ಅಂದರು, ಬಿಚ್ಚಿದಳು. ಎರಡು ಎಲೆ, ಒಂದು ಚೂರು ಅಡಕೆ ಬಿದ್ದವು. ಆದರೂ ನಾಳೆಯಿಂದ ಬರಬೇಡ ಅಂದರು. ಆರು ತಿಂಗಳ ಮೇಲೆ ಭರಣಿ ಅವರದೇ ಜೋಳದ ಚೀಲಗಳ ಹಿಂದೆ ಸಿಕ್ಕಿತಂತೆ. ಸಿಕ್ಕಿತವ್ವಾ ಅಂತ ಒಂದು ಮಾತು ಹೇಳಿ ಕಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಒಬ್ಬರೂ ಹೇಳಿ ಕಳಿಸಲಿಲ್ಲ. ದೊಡ್ಡ ಮನೆಯವರಂತೆ!

ಗಂಡ ಹೆಂಡತಿ ಆ ಊರು ಬಿಟ್ಟು ಕೂಡ್ಲಿಗಿಗೆ ಬಂದರೆ, ಆ ಅಪವಾದ ಆಕೆಗಿಂತ ಮೊದಲೇ ಬಂದು ಕೂತಿತ್ತು. ಎರಡು ವರ್ಷ ಯಾರೂ ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಳೆ ಕೀಳಲು ಹೋದಳು, ಶೇಂಗಾ ಸುಲಿಯಲು ಹೋದಳು. ಕೊನೆಗೆ ಬಾ ಅಂತ ಕರೆದವರು ಕೊಟ್ರಮ್ಮನವರು. ಊರು ಏನಂದರೂ ಕಿವಿಗೆ ಹಾಕಿಕೊಳ್ಳದ ಗಟ್ಟಿ ಮುದುಕಿ, ಲಿಂಗಪೂಜೆ ಆಗದೆ ಗುಟುಕು ನೀರು ಕುಡಿದವರಲ್ಲ. ಅವರ ಮನೆಯ ಮುಂದಿನ ಎರಡು ಕೋಣೆಗೆ ಹೈಸ್ಕೂಲಿನ ಶೈಲಾ ಟೀಚರು ಬಾಡಿಗೆಗೆ ಬಂದಾಗ, ಅಂಜಿನೀನ ಕೆಲಸಕ್ಕಿಟ್ಟುಕೋ, ನಡುವೆ ನಾನದೀನಿ ಅಂತ ಮಾತು ಕೊಟ್ಟವರೂ ಅವರೇ. ಈಗ 1998ರ ಜೂನ್. ಟೀಚರಿಗೆ ಮೂರು ತಿಂಗಳ ತರಬೇತಿ ಬಿದ್ದಿತ್ತು. ಬೀಗ ಹಾಕಿದ ಮನೆಯ ಕೀಲಿಕೈ ಅಂಜಿನಕ್ಕನ ಕೈಗೆ ಬಂದದ್ದು ಜನ್ಮದಲ್ಲಿ ಅದೇ ಮೊದಲು.

ಗಿಡದ ವಿಷಯಕ್ಕೆ ಬರೋಣ. ದಪ್ಪ ದಪ್ಪ ಎಲೆ, ಕಡುಹಸಿರು, ಒಂದರ ಬೆನ್ನಿಗೆ ಒಂದು ಸುತ್ತಿಕೊಂಡು ಅರಳಿದ ತಾವರೆಯ ಹಾಗೆ ಕೂತಿತ್ತು. ಎಲೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಬುಡದಲ್ಲಿ ತಾಯಿಯ ಆಕಾರದ್ದೇ ಒಂದು ಮರಿ, ಅಡಕೆಯಷ್ಟು ಗಾತ್ರ. ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು, ಅಂಜಿನಕ್ಕನ ನಾಲಿಗೆಗೆ ಹತ್ತಲಿಲ್ಲ, ಅಂಗೈ ಗಿಡ ಅಂತ ಕರೆದಳು. ಹರಪನಹಳ್ಳಿಯಲ್ಲಿ ಟೀಚರ ತಾಯಿ ಇಪ್ಪತ್ತೆರಡು ವರ್ಷ ಸಾಕಿದ ಗಿಡ ಅದು. ಹಿಂದಿನ ವರ್ಷ ತಾಯಿ ತೀರಿಕೊಂಡಾಗ, ತಾಯಿಯ ಮನೆಯಿಂದ ಟೀಚರು ಎತ್ತಿಕೊಂಡು ಬಂದದ್ದು ಇದೊಂದನ್ನೇ.

ಹೊರಡುವ ಮುಂಚೆ ಟೀಚರು ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಕಾಲು ಲೋಟ ನೀರು, ಅದೂ ಬುಡಕ್ಕೆ. ಎಲೆಗಳ ನಡುವಿನ ಕುಳಿಯಲ್ಲಿ ಹನಿ ನಿಲ್ಲಬಾರದು. ಬೆಳಗಿನ ಎಳೆಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ, ಮಳೆ ಬಂದರೆ ಸೂರಿನ ಕೆಳಗೆ ಸರಿಸು. ಬೀಗ ಹಾಕಿದ ಮನೆಯೊಳಗೆ ಮಾತ್ರ ಇಡಬೇಡ, ಗಾಳಿ ಇಲ್ಲದೆ ಕೊಳೆಯುತ್ತೆ.

"ನೀರು ಮರೆತರೂ ಪರವಾಗಿಲ್ಲ, ಅಂಜಿನಕ್ಕ. ಜಾಸ್ತಿ ಮಾತ್ರ ಹಾಕಬ್ಯಾಡ. ನಮ್ಮಮ್ಮ ಇಟ್ಟಿದ್ದು ಇದು."

ಇಷ್ಟೇ ಮಾತು. ಒಂದು ಬೊಗಸೆ ಮಣ್ಣಿನ ಗಿಡ, ಮೂರು ತಿಂಗಳು. ಹೊಲದಲ್ಲೇ ಬೆಳೆದ ಹೆಣ್ಣಿಗೆ ಅದೇನು ಮಹಾ, ಅನ್ನಬಹುದು ನೀವು. ಅಂಜಿನಕ್ಕನೂ ಹಾಗೇ ಅಂದುಕೊಂಡಿದ್ದಳು.

ನಾಲ್ಕನೇ ದಿನವೇ ಕೈಕೊಟ್ಟಿತು. ಅಂಗಳದ ಕಟ್ಟೆಯ ಮೇಲಿದ್ದ ಕುಂಡದ ಧೂಳು ಒರೆಸಲು ತಿರುಗಿಸಿದಳು ನೋಡಿ, ಬಳೆ ಎಲ್ಲಿ ತಗುಲಿತೋ ಏನೋ, ಬುಡದ ಮರಿ ಟಕ್ಕನೆ ಮುರಿದು ಅಂಗೈಗೆ ಬಿತ್ತು. ಅಂಜಿನಕ್ಕ ಸುತ್ತ ನೋಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಆಗಲೇ ಅದನ್ನು ಮಣ್ಣಿಗೆ ಸಿಕ್ಕಿಸಿ, ಕೊಟ್ರಮ್ಮನವರಿಗೆ ಹೀಗಾಯಿತು ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆದರಿದ ಜೀವಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮುರಿದ ವಸ್ತು ಕಣ್ಣಿಗೆ ಕಂಡರೆ ಕೇಳುತ್ತಾರೆ, ಕೇಳಿದರೆ ನಡುಮನೆಯಲ್ಲಿ ನಿಲ್ಲಿಸುತ್ತಾರೆ. ಇಷ್ಟೇ ಆಕೆಯ ತಲೆಗೆ ಬಂದದ್ದು. ಮರಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ನಡೆದಳು. ಅರ್ಧ ದಾರಿಯಲ್ಲಿ ಗಂಟಿನ ಮೇಲೆ ಕೈ ಹೋದಾಗ ಸಾವ್ಕಾರರ ನಡುಮನೆ ನೆನಪಾಯಿತು. ಆವತ್ತು ಆ ಸೆರಗಿನಲ್ಲಿ ಏನೂ ಇರಲಿಲ್ಲ. ಇವತ್ತು ಇತ್ತು.

ಮನೆಯಲ್ಲಿ ಗಂಟು ಬಿಚ್ಚುವುದನ್ನು ಗಂಗಪ್ಪ ನೋಡಿಬಿಟ್ಟ. ಆತನಿಗೆ ಅದು ಲೋಳೆಸರದ ಮರಿಯ ಹಾಗೆ ಕಂಡಿತು. ಅವರ ಓಣಿಯಲ್ಲಿ ಬಾಗಿಲಿಗೆ ಲೋಳೆಸರ ತಲೆಕೆಳಗಾಗಿ ತೂಗು ಹಾಕದ ಮನೆ ಒಂದೂ ಇಲ್ಲ. ಮಣ್ಣಿಲ್ಲ, ನೀರಿಲ್ಲ, ಆದರೂ ವರ್ಷಗಟ್ಟಲೆ ಹಸಿರಾಗಿರುತ್ತದೆ, ಮನೆಗೆ ಬೀಳುವ ಕೆಟ್ಟ ಕಣ್ಣನ್ನು ತಾನು ನುಂಗುತ್ತದೆ ಅಂತ ನಂಬಿಕೆ. ಇವರ ಮನೆಯದು ಬೇಸಿಗೆಯಲ್ಲಿ ಆಡಿನ ಬಾಯಿಗೆ ಹೋಗಿತ್ತು. ಭೇಷಾತು, ಇಂಥಾ ಚಂದದ ಮರಿ ಎಲ್ಲಿ ಸಿಕ್ತಲೇ ಅಂತ ಗಂಗಪ್ಪ ಕೇಳಿದ. ಸಿಕ್ತು ಅಂದಳು. ಆತ ಕರಿದಾರ ಕಟ್ಟಿ, ಮರಿಯನ್ನು ಬಾಗಿಲ ಚೌಕಟ್ಟಿಗೆ ತಲೆಕೆಳಗಾಗಿ ತೂಗು ಹಾಕಿ, ದೂರ ನಿಂತು ನೋಡಿ ಮೀಸೆ ತಿರುವಿದ. ಅಂದಿನಿಂದ ಒಳಗೆ ಹೋಗುವಾಗೊಮ್ಮೆ, ಹೊರಗೆ ಬರುವಾಗೊಮ್ಮೆ ಅದು ಆಕೆಯ ನೆತ್ತಿಯ ಮೇಲೆ ತೂಗಾಡುತ್ತಿತ್ತು. ಗಂಡನ ಮುಂದೆ ಬಾಯಿಬಿಡಲು ನಾಚಿಕೆ, ಬಿಡದಿದ್ದರೆ ಸಂಕಟ.

ಇರಲಿ, ತಾಯಿ ಗಿಡ ನೆಟ್ಟಗಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಇನ್ನೊಂದು ವಾರ ಉಳಿಯಿತು.

ಕೊಟ್ರಮ್ಮನವರ ಅಂಗಳದ ಮೂಲೆಯಲ್ಲಿ ಒಂದು ಕಣಗಿಲೆ ಗಿಡ ಇತ್ತು. ಲಿಂಗಕ್ಕೆ ಅಭಿಷೇಕ ಮಾಡಿದ ನೀರನ್ನು ಅವರು ಕಾಲು ತುಳಿಯುವ ಕಡೆ ಚೆಲ್ಲುವವರಲ್ಲ. ದಿನವೂ ಒಂದು ತಂಬಿಗೆ ನೀರು ಆ ಕಣಗಿಲೆಯ ಬುಡಕ್ಕೆ ಹೋಗುತ್ತಿತ್ತು. ಆ ಜೂನ್ ಕೊನೆಯಲ್ಲಿ ಪೈಪು ಹಾಕಿಸಲು ಕಣಗಿಲೆ ಕಡಿಸಿ, ಅಂಗಳಕ್ಕೆಲ್ಲ ಸಿಮೆಂಟು ಬಳಿಸಿದರು. ಮರುದಿನ ಪೂಜೆ ಮುಗಿಸಿ ತಂಬಿಗೆ ಹಿಡಿದು ಬಂದವರು ಸುತ್ತಲೂ ನೋಡಿದರು. ಎಲ್ಲಿ ನೋಡಿದರೂ ಸಿಮೆಂಟು. ಕಣ್ಣಿಗೆ ಬಿದ್ದದ್ದು ಕಟ್ಟೆಯ ಮೇಲಿನ ಈ ಗಿಡ. ತಾವರೆಯ ಆಕಾರ ಬೇರೆ. ಪದ್ಮದಂಗ ಐತಲ್ಲೇ ಇದು, ಶಿವನ ನೀರಿಗೆ ಇದಕ್ಕಿಂತ ಚೊಲೋ ಜಾಗ ಎಲ್ಲಿ ಸಿಗಬೇಕು ಅಂದವರೇ, ನಡುವಿನ ಕುಳಿಗೆ ಸರಿಯಾಗಿ ತಂಬಿಗೆ ಬಗ್ಗಿಸಿದರು.

ಕಸಬರಿಗೆ ಹಿಡಿದು ನಿಂತಿದ್ದ ಅಂಜಿನಕ್ಕನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಹೇಳುವುದು ಹೇಗೆ? ಊರೆಲ್ಲ ಹೊರಗಿಟ್ಟಾಗ ಒಳಗೆ ಕರೆದ ಕೈ ಅದು. ಆ ಕೈಯಲ್ಲಿರುವುದು ಬರೀ ನೀರೂ ಅಲ್ಲ, ಪೂಜೆಯ ನೀರು. ಮುಟ್ಟಿ ತಡೆಯಲು ಈಕೆ ಯಾರು? ಮುದುಕಿ ಒಳಗೆ ಹೋದ ಮೇಲೆ ಓಡಿ ಹೋಗಿ, ಕುಂಡ ಓರೆ ಮಾಡಿ, ಸೆರಗಿನ ತುದಿಯಿಂದ ಎಲೆಎಲೆಯ ಸಂದಿ ಒರೆಸಿದಳು. ಮರುದಿನ ಮತ್ತೆ ತಂಬಿಗೆ ಬಂತು. ಅದರ ಮರುದಿನವೂ ಬಂತು.

ಆಮೇಲಿನ ಒಂದು ತಿಂಗಳು ಆಕೆ ಪಟ್ಟ ಪಾಡು ಯಾರಿಗೂ ಬೇಡ. ಕುಂಡವನ್ನು ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಇಟ್ಟಳು, ಮುದುಕಿ ಹುಡುಕಿ ತಂದು ಕಟ್ಟೆಯ ಮೇಲೇ ಇಟ್ಟರು. ಒಂದು ಹಳೆಯ ಬಕೀಟಿಗೆ ಮಣ್ಣು ತುಂಬಿ ದಾಸವಾಳದ ಕಡ್ಡಿ ನೆಟ್ಟು, ಅಮ್ಮಾರ, ನಿಮ್ಮ ಪೂಜಿ ನೀರಿಗಂತ ತಂದೀನ್ರಿ ಅಂದಳು. ಚಿಗುರಲಿ ತಡಿ, ಒಣಕಡ್ಡಿಗೆ ಶಿವನ ನೀರು ಹಾಕು ಅಂತೀಯೇನು ಅಂತ ನಕ್ಕುಬಿಟ್ಟರು. ಬೇರೆ ದಾರಿ ಕಾಣದೆ, ಇಡಬೇಡ ಅಂದದ್ದು ಗೊತ್ತಿದ್ದೂ, ಬೀಗ ತೆಗೆದು ಗಿಡವನ್ನು ಟೀಚರ ಕೋಣೆಯ ಕಿಟಕಿಯಲ್ಲಿಟ್ಟಳು. ಎರಡು ದಿನಕ್ಕೇ ಮುದುಕಿ ತಂಬಿಗೆ ಹಿಡಿದು ಬಾಗಿಲಿಗೆ ಬಂದು ನಿಂತರು. ಮುಖ ಕೆಂಪಗಾಗಿತ್ತು.

"ಗಿಡ ಒಳಗ ಯಾಕ ಬಚ್ಚಿಟ್ಟೀಯಲೇ?"

ಅಂಜಿನಕ್ಕ ಕಸಬರಿಗೆ ಕೆಳಗಿಟ್ಟಳು. ಹೇಳಿಯೇ ಬಿಡಬೇಕು ಅಂದುಕೊಂಡಳು.

"ಅದಕ್ಕ ನೀರು ಆಗಂಗಿಲ್ರಿ, ಅಮ್ಮಾರ. ಟೀಚರಮ್ಮ ಹೇಳಿ ಹೋಗ್ಯಾರ. ಹಾಕಬ್ಯಾಡ್ರಿ."

"ಪೂಜಿ ನೀರು ಬಿದ್ರ ಗಿಡ ಸಾಯ್ತೈತೇನು?" ಅಂದರು ಕೊಟ್ರಮ್ಮನವರು. "ನನ್ನ ಕೈಯಾಗ ಐವತ್ತು ವರ್ಷ ಆತು, ಯಾವ ಗಿಡ ಸತ್ತೈತಿ ಹೇಳು."

ಅಂಜಿನಕ್ಕ ಕುಂಡ ತಂದು ಕಟ್ಟೆಯ ಮೇಲಿಟ್ಟಳು. ತಂಬಿಗೆ ಬಗ್ಗಿತು. ಮೂರು ದಿನ ಮುದುಕಿ ಆಕೆಯ ಜೊತೆ ಮಾತಾಡಲಿಲ್ಲ. ಈ ಕಡೆ ಮಾತು ಕೊಟ್ಟವರ ಸಿಟ್ಟು, ಆ ಕಡೆ ನಂಬಿ ಕೀಲಿಕೈ ಕೊಟ್ಟವರ ಗಿಡ. ಉಣ್ಣಲು ಕೂತವಳು ಅರ್ಧಕ್ಕೇ ಏಳತೊಡಗಿದಳು. ಯಾರ ಕಣ್ಣು ಬಿತ್ತಲೇ ನಿನಗೆ, ಬಾಗಿಲಿಗೆ ಅಂಥಾದ್ದು ಕಟ್ಟೀನಿ ಅಂತ ಗಂಗಪ್ಪ ಚಾಷ್ಟಿ ಮಾಡಿದ. ಆತನಿಗೇನು ಗೊತ್ತು.

ಟೀಚರು ಮೈಸೂರಿನ ಹಾಸ್ಟೆಲಿನ ನಂಬರು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಹೋಗಿದ್ದರು. ಒಂದು ಭಾನುವಾರ ಅಂಜಿನಕ್ಕ ಆ ಚೀಟಿ ಹಿಡಿದು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು: ನೀರು ಜಾಸ್ತಿ ಆಗೈತ್ರಿ, ಏನು ಮಾಡ್ಲಿ ಹೇಳ್ರಿ. ಬೂತಿನವನು ನಂಬರು ಒತ್ತಿ ರಿಸೀವರು ಕೈಗೆ ಕೊಟ್ಟ. ಅಷ್ಟು ದೂರದಿಂದ ಟೀಚರ ದನಿ ಕಿವಿಯ ಪಕ್ಕದಲ್ಲೇ ಬಂತು. ಅವರು ಕೇಳಿದ ಮೊದಲನೇ ಮಾತೇ ಗಿಡ ಹೆಂಗೈತೆ ಅಂತ.

"ಚೊಲೋ ಐತ್ರಿ," ಅಂದಳು ಅಂಜಿನಕ್ಕ.

ಆ ಮಾತು ಎಲ್ಲಿಂದ ಬಂತೋ ಆಕೆಗೇ ತಿಳಿಯಲಿಲ್ಲ. ನೀರಿನ ಮಾತು ತೆಗೆದರೆ ಕೊಟ್ರಮ್ಮನವರ ಹೆಸರು ಬರುತ್ತದೆ. ಗಿಡದ ಮಾತು ಬೆಳೆದರೆ ಮರಿ ಎಲ್ಲಿ ಅನ್ನುವಲ್ಲಿಗೆ ಬರುತ್ತದೆ. ಆ ಕಡೆಯಿಂದ ಟೀಚರು ಖುಷಿಯಾಗಿ ನಕ್ಕರು, ನಿನ್ನ ಕೈಗೆ ಕೊಟ್ಟ ಮೇಲೆ ನನಗೆ ಚಿಂತೆ ಇಲ್ಲ ಬಿಡು ಅಂದರು. ಬೂತಿನಿಂದ ಹೊರಬಂದ ಅಂಜಿನಕ್ಕ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಆವತ್ತು ಸಾವ್ಕಾರರ ಮನೆಯಲ್ಲಿ ಕೂಡ ಆಕೆ ಸುಳ್ಳು ಹೇಳಿರಲಿಲ್ಲ.

ಶ್ರಾವಣ ಹುಟ್ಟಿ ಜಡಿಮಳೆ ಹಿಡಿದಾಗ ಗಿಡ ಬಣ್ಣಗೆಟ್ಟಿತು. ಕಡುಹಸಿರು ಹೋಗಿ ಹಳದಿ ಬಂತು. ಎಲೆಗಳು ಹಣ್ಣಾದ ದ್ರಾಕ್ಷಿಯ ಹಾಗೆ ಒಳಗಿನದೆಲ್ಲ ಕಾಣುವಷ್ಟು ನೀರಾದವು. ಒಂದನ್ನು ಮುಟ್ಟಿದಳು, ಬೆರಳಿಗೇ ಬಂತು. ಆ ದಿನ ಆಕೆ ಯಾರನ್ನೂ ಕೇಳಲಿಲ್ಲ. ಗಿಡವನ್ನು ಮಣ್ಣಿನಿಂದ ಎತ್ತಿದಳು. ಬೇರು ಕರ್ರಗಾಗಿ ಕೊಳೆತು ನಾರುತ್ತಿತ್ತು. ಹೊಸ ಬ್ಲೇಡು ತಂದು ಕೊಳೆತದ್ದನ್ನೆಲ್ಲ ಕೊಯ್ದಳು, ಕೊಯ್ದ ಕಡೆಗೆಲ್ಲ ಒಲೆಯ ಬೂದಿ ಹಚ್ಚಿದಳು, ಮೊರದಲ್ಲಿಟ್ಟು ನೆರಳಿನಲ್ಲಿ ಮೂರು ದಿನ ಆರಿಸಿದಳು. ಹಳ್ಳದ ಮರಳು ಹುರಿದು ಆರಿಸಿ ಕುಂಡಕ್ಕೆ ತುಂಬಿ, ಉಳಿದ ನಡುಭಾಗವನ್ನು ಅದರ ಮೇಲೆ ಕೂರಿಸಿ ಕಿಟಕಿಯಲ್ಲಿಟ್ಟಳು. ಕಿಟಕಿ ಹಗಲೆಲ್ಲ ತೆರೆದಿಟ್ಟಳು. ಈ ಸಲ ಕೊಟ್ರಮ್ಮನವರು ಕಿಟಕಿಯ ಹತ್ತಿರ ತಂಬಿಗೆ ತರಲಿಲ್ಲ. ದೂರದಿಂದ ನೋಡಿದರು, ನೀರನ್ನು ದಾಸವಾಳದ ಬಕೀಟಿಗೆ ಹಾಕಿ ಹೋದರು. ಎಂಟು ದಿನ ಗಿಡ ಇದ್ದಂತೆ ಇತ್ತು. ಎಂಟೂ ದಿನ ಅಂಜಿನಕ್ಕ ಮನೆಯಿಂದ ಬಂದವಳೇ ಮೊದಲು ಕಿಟಕಿಗೆ ಓಡುತ್ತಿದ್ದಳು. ಒಂಬತ್ತನೇ ದಿನ ನಡುವಿನ ಸುಳಿ ಕೈಗೆ ಬಂತು. ಅದನ್ನು ಹಿಡಿದುಕೊಂಡು ಆ ಖಾಲಿ ಕೋಣೆಯಲ್ಲಿ ಕೂತು ಗಳಗಳ ಅತ್ತಳು. ಇಪ್ಪತ್ತೆರಡು ವರ್ಷ ಒಬ್ಬಾಕೆ ಕಾಪಾಡಿದ ಗಿಡ, ತನ್ನ ಕೈಯಲ್ಲಿ ಎರಡೂವರೆ ತಿಂಗಳು ಬಾಳಲಿಲ್ಲ.

ಟೀಚರು ಸೋಮವಾರ ಬರುವವರಿದ್ದರು. ಭಾನುವಾರ ಸಂಜೆ ಅಂಜಿನಕ್ಕ ತನ್ನ ಮನೆಯ ಹೊಸ್ತಿಲಲ್ಲಿ ಕೂತು ತಲೆ ಎತ್ತಿ ನೋಡಿದಳು. ಕರಿದಾರದ ತುದಿಯಲ್ಲಿ ಮರಿ ತೂಗುತ್ತಿತ್ತು. ಎಷ್ಟೋ ದಿನದಿಂದ ಅದರ ಕಡೆ ನೋಡಲೂ ಹೆದರಿಕೊಂಡು ತಲೆ ತಗ್ಗಿಸಿ ಓಡಾಡಿದ್ದಳು. ಎದ್ದು ಹತ್ತಿರ ಹೋದಳು. ಹೊರಗಿನ ಒಂದೆರಡು ಎಲೆ ಒಣಗಿ ಕೆಂಪಾಗಿದ್ದವು, ಒಳಗಿನವು ಕುಗ್ಗಿದ್ದರೂ ಗಟ್ಟಿಯಾಗಿದ್ದವು, ಕಡುಹಸಿರಾಗಿದ್ದವು. ಮುರಿದ ಜಾಗದಿಂದ ಬಿಳಿಯ ಎರಡು ಬೇರು ಬರೀ ಗಾಳಿಗೆ ಚಾಚಿಕೊಂಡಿದ್ದವು. ಒಂದು ಹನಿ ನೀರು ಕಾಣದೆ, ಒಬ್ಬರ ಆರೈಕೆ ಇಲ್ಲದೆ, ತಲೆಕೆಳಗಾಗಿ ತೂಗಿಕೊಂಡು ಅದು ಬದುಕಿತ್ತು.

ಎದೆ ಹಗುರಾಗಬೇಕಿತ್ತು, ಇನ್ನಷ್ಟು ಭಾರವಾಯಿತು. ಇದನ್ನು ಇಲ್ಲೇ ಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಳೆ ಜಾಸ್ತಿ ಆತ್ರಿ, ಕೊಳೀತು ಅಂದರೆ ಸಾಕು. ಟೀಚರು ಮೆತ್ತನೆಯ ಮನುಷ್ಯರು, ಹೋಗಲಿ ಬಿಡು ಅಂದಾರು. ಕೆಲಸ ಉಳಿಯುತ್ತದೆ, ಕೀಲಿಕೈಯೂ ಉಳಿಯುತ್ತದೆ. ಇದನ್ನು ಇಳಿಸಿ ಒಯ್ದರೆ ತನ್ನ ಕಳವಿಗೆ ತಾನೇ ಸಾಕ್ಷಿ ಹಿಡಿದುಕೊಂಡು ಹೋದಂತೆ. ಮುರಿದವಳು ನೀನು, ಬಚ್ಚಿಟ್ಟವಳು ನೀನು, ಸುಳ್ಳು ಹೇಳಿದವಳೂ ನೀನು ಅಂದರೆ ಯಾವುದಕ್ಕೆ ಇಲ್ಲ ಅನ್ನುತ್ತಾಳೆ? ಗಂಗಪ್ಪ ಬಂದು, ಯಾಕಲೇ ಬಾಗಿಲಿಗೆ ಅಡ್ಡ ನಿಂತೀ ಅಂತ ಕೇಳಿದ. ಅಂಜಿನಕ್ಕ ಕುಡುಗೋಲು ತಂದು ದಾರ ಕೊಯ್ದಳು.

ಸೋಮವಾರ ಬೆಳಿಗ್ಗೆ ಟೀಚರು ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದವರು ಮೊದಲು ನೋಡಿದ್ದು ಕಟ್ಟೆಯನ್ನು. ಅಂಜಿನಕ್ಕ ಅಲ್ಲಿಗೇ ತಂದಿಟ್ಟಿದ್ದ ಕುಂಡದಲ್ಲಿ ಬರೀ ಮರಳು. ಮುಖದ ನಗು ಹಾಗೇ ನಿಂತಿತು. ಅಂಜಿನಕ್ಕ ಬೀಗ ತೆಗೆದು, ಕೀಲಿಕೈಯನ್ನು ಕಿಟಕಿಯ ಮೇಲಿಟ್ಟಳು, ಸೆರಗಿನ ಗಂಟು ಬಿಚ್ಚಿದಳು. ಆವತ್ತು ಅವರು ಬಿಚ್ಚು ಅಂದಿದ್ದರು, ಇವತ್ತು ಯಾರೂ ಹೇಳಿರಲಿಲ್ಲ. ದಾರದ ಸಮೇತ ಮರಿಯನ್ನು ಕೀಲಿಕೈಯ ಪಕ್ಕದಲ್ಲಿಟ್ಟು ಎಲ್ಲವನ್ನೂ ಹೇಳಿದಳು. ನಾಲ್ಕನೇ ದಿನ ಮುರಿದದ್ದು, ಕೇಳದೆ ಮನೆಗೆ ಒಯ್ದದ್ದು, ಬಾಗಿಲಿಗೆ ಕಟ್ಟಿದ್ದು, ಫೋನಿನಲ್ಲಿ ಸುಳ್ಳಾಡಿದ್ದು. ಒಂದನ್ನು ಮಾತ್ರ ಹೇಳಲಿಲ್ಲ.

"ನೀರು ಯಾರು ಹಾಕಿದ್ರು?" ಅಂತ ಕೇಳಿದರು ಟೀಚರು.

ಅಂಜಿನಕ್ಕ ನೆಲ ನೋಡಿದಳು. "ನೀರು ಜಾಸ್ತಿ ಆತ್ರಿ. ನಾ ತಡೀಲಿಲ್ಲ."

ಆ ಕಡೆಯ ಬಾಗಿಲಲ್ಲಿ ಕೊಟ್ರಮ್ಮನವರು ತಂಬಿಗೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರೂ ನೋಡಿರಲಿಲ್ಲ.

"ಆಕಿ ತಡದ್ಲು," ಅಂದರು ಮುದುಕಿ. "ನಾನ ಕೇಳಲಿಲ್ಲ."

ಅಷ್ಟು ಹೇಳಿ ಬಕೀಟಿನ ಹತ್ತಿರ ಹೋಗಿ ದಾಸವಾಳಕ್ಕೆ ನೀರು ಹಾಕಿದರು. ಕಡ್ಡಿ ಆಗಲೇ ಐದಾರು ಎಲೆ ಬಿಟ್ಟಿತ್ತು. ತಿರುಗಿ ನೋಡದೆ ಒಳಗೆ ಹೋದರು.

ಟೀಚರು ಬೈದಿದ್ದರೆ ವಾಸಿಯಿತ್ತು. ಮರಿಗೆ ಕಟ್ಟಿದ್ದ ದಾರ ಬಿಚ್ಚಿದರು, ಕುಂಡದ ಒಣಮರಳಿನಲ್ಲಿ ಬೆರಳಿನಿಂದ ಕುಳಿ ಮಾಡಿ ಬಿಳಿ ಬೇರು ಮುಚ್ಚುವಂತೆ ಕೂರಿಸಿದರು, ನೀರು ಹಾಕಲಿಲ್ಲ. ಬಹಳ ಹೊತ್ತು ಅದರ ಮುಂದೆ ಕೂತಿದ್ದು, ಕಣ್ಣು ಒರೆಸಿಕೊಂಡು ಒಳಗೆ ಹೋದರು. ಆ ದಿನವೆಲ್ಲ ಅವರ ನಡುವೆ ಮಾತಿಲ್ಲ. ಅಂಜಿನಕ್ಕ ನೆಲ ಸಾರಿಸಿದಳು, ಮೂರು ತಿಂಗಳ ಧೂಳು ಹೊಡೆದಳು, ಚೀಲದ ಬಟ್ಟೆಯೆಲ್ಲ ಒಗೆದು ಹರವಿದಳು. ಕೊನೆಯ ದಿನದ ಕೆಲಸ ಅಂತ ಪಾತ್ರೆಗಳನ್ನು ಎರಡೆರಡು ಸಲ ತಿಕ್ಕಿದಳು. ಕೀಲಿಕೈ ಕಿಟಕಿಯ ಮೇಲೆ ಇಟ್ಟಲ್ಲೇ ಇತ್ತು. ಕಿಟಕಿ ಒರೆಸುವಾಗಲೂ ಅದನ್ನು ಮುಟ್ಟದೆ ಸುತ್ತ ಒರೆಸಿದಳು.

ಸಂಜೆ ಕೈತೊಳೆದುಕೊಂಡು, ಬರ್ತೀನ್ರಿ ಅಂದಳು. ಚಪ್ಪಲಿ ಮೆಟ್ಟಿ ಅಂಗಳ ದಾಟಿ ತಲೆಬಾಗಿಲಿಗೆ ಬಂದಿದ್ದಳು. ಆಗ ಟೀಚರು ಹಿಂದಿನಿಂದ ಕೂಗಿದರು.

"ಅಂಜಿನಕ್ಕ, ಕೀಲಿಕೈ ಮರ್ತು ಹೊಂಟೀಯಲ್ಲ."

ತಿರುಗಿ ಬಂದಳು. ಕಿಟಕಿಯ ಮೇಲಿಂದ ಅದನ್ನು ಎತ್ತಿಕೊಂಡು, ಮರಿ ಕಟ್ಟಿಕೊಂಡಿದ್ದ ಅದೇ ಸೆರಗಿನ ತುದಿಗೆ ಎರಡು ಗಂಟು ಹಾಕಿಕೊಂಡಳು.